ಮುಚ್ಚಳದ ಡಬ್ಬಿ

ಅಜ್ಜಿಯ ಮಗ ಬೆಳಿಗ್ಗೆ ಕೆಮ್ಮಲು ಶುರುಮಾಡಿದನೆಂದರೆ ಆ ಮನೆಯಲ್ಲಿ ಯಾರ ಗಂಟಲಲ್ಲೂ ತುತ್ತು ಇಳಿಯುತ್ತಿರಲಿಲ್ಲ. ಮೊದಲು ಗರಗರ ಸದ್ದು, ಆಮೇಲೆ ಎದೆಯ ತಳದಿಂದ ಏನನ್ನೋ ಕಿತ್ತು ಮೇಲೆ ತರುವ ಎಳೆದಾಟ, ಕೊನೆಗೆ ಒಂದು ಪಚಕ್. ಅಷ್ಟು ಹೊತ್ತೂ ಮೊಮ್ಮಗಳು ಬ್ರೆಡ್ಡಿನ ಚೂರನ್ನು ಕೈಯಲ್ಲಿ ಹಿಡಿದು ಗೋಡೆ ನೋಡುತ್ತ ಕೂತಿರುತ್ತಿದ್ದಳು.

"ನಂಗೆ ಬೇಡ ಅಜ್ಜಿ. ಅಂಗಡಿ ಹತ್ರ ಏನಾದ್ರೂ ತಿಂತೀನಿ," ಎಂದು ತಟ್ಟೆ ಸರಿಸಿ ಎದ್ದಳು. ಓದು ಮುಗಿಸಿ ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದ್ದ ಹುಡುಗಿ ಅವಳು.

"ನಿಮ್ಮಪ್ಪ ಕಣೇ ಅವನು. ಬೇಕು ಅಂತ ಕೆಮ್ತಾನಾ?"

"ಬೇಕು ಅಂತ ತಾನೇ ಸೇದಿದ್ದು?"

ಅಜ್ಜಿ ಮೊಮ್ಮಗಳ ತಟ್ಟೆಯನ್ನು ಎತ್ತಿಕೊಂಡು ಹೋಗಿ ತೊಳೆದಳು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಕೊಳೆ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಪ್ರಾಯದಿಂದ ಮುಪ್ಪಿನವರೆಗೆ ದೊಡ್ಡ ಹೋಟೆಲೊಂದರಲ್ಲಿ ದುಡಿದವಳು. ಮೊದಲು ರೂಮು ಗುಡಿಸುತ್ತಿದ್ದಳು, ಆಮೇಲೆ ರೂಮು ಗುಡಿಸುವವರ ಮೇಲೆ ಕಣ್ಣಿಡುವ ಕೆಲಸಕ್ಕೆ ಏರಿದಳು. ಹಾಸಿಗೆಯ ಮೇಲೆ ಒಂದು ಕೂದಲೆಳೆ ಕಂಡರೂ ಚಾದರ ಎಳೆದು ನೆಲಕ್ಕೆ ಹಾಕುತ್ತಿದ್ದಳಂತೆ. ಮನೆಯಲ್ಲೂ ಅದೇ ದರ್ಬಾರು. ಹೊರಗಿನ ಚಪ್ಪಲಿ ಹೊಸ್ತಿಲು ದಾಟುವಂತಿಲ್ಲ, ಒಬ್ಬರು ಕುಡಿದ ಲೋಟಕ್ಕೆ ಇನ್ನೊಬ್ಬರು ಬಾಯಿ ಇಡುವಂತಿಲ್ಲ. ಸೊಸೆ ಹೊಸದಾಗಿ ಬಂದಾಗ ಪಾತ್ರೆ ಉಜ್ಜುವ ನಾರನ್ನು ಒದ್ದೆಯಾಗಿಯೇ ಬಿಟ್ಟಳೆಂದು ಎರಡು ದಿನ ಮಾತು ಬಿಟ್ಟಿದ್ದ ಹೆಂಗಸು ಅವಳು.

ಮಗನ ವಿಷಯ ಮಾತ್ರ ಬೇರೆ. ಐವತ್ತು ದಾಟಿ ತಲೆ ನರೆತಿದ್ದರೂ ಅವಳಿಗೆ ಅವನಿನ್ನೂ ಪಾಪು. ಅವನು ಬಸ್ ಡ್ರೈವರ್ ಆಗಿದ್ದ. ಬಸ್ಸು ಕೊನೆಯ ನಿಲ್ದಾಣ ಮುಟ್ಟಿದಾಗಲೆಲ್ಲ ಒಂದು ಸಿಗರೇಟು, ಹೊರಡುವ ಮೊದಲು ಇನ್ನೊಂದು. ಹೀಗೆ ಸೇದುತ್ತ ಸೇದುತ್ತ ಒಂದು ದಿನ ಬಸ್ಸಿನ ಮೆಟ್ಟಿಲು ಹತ್ತಿ ಸೀಟು ಮುಟ್ಟುವಷ್ಟರಲ್ಲಿ ಉಸಿರು ಮೇಲೆ ಕೆಳಗೆ ಆಯಿತು. ಕಂಪನಿಯವರು ಮನೆಗೆ ಕಳಿಸಿದರು. ಈಗ ಮನೆ ನಡೆಯುತ್ತಿದ್ದದ್ದು ಸೊಸೆ ಹೊಲಿಯುವ ಪರದೆಗಳಿಂದ. ನಡುಮನೆಯ ಉದ್ದಕ್ಕೂ ಅವಳ ಕತ್ತರಿಸುವ ಮೇಜು, ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು. ಊಟಕ್ಕೆ ಕೂರಬೇಕಾದರೆ ಯಾರದೋ ಕಿಟಕಿಯ ಬಟ್ಟೆಯನ್ನು ಪಕ್ಕಕ್ಕೆ ಸರಿಸಬೇಕು.

ಆಸ್ಪತ್ರೆಯವರು ಔಷಧಿಯ ಜೊತೆಗೆ ಒಂದು ಕೆಲಸವನ್ನೂ ಹೇಳಿಕೊಟ್ಟಿದ್ದರು. ಬೆಳಿಗ್ಗೆ ಸಂಜೆ ಬಿಸಿನೀರಿನ ಆವಿ ಕೊಡಬೇಕು. ಆಮೇಲೆ ಸೊಂಟದ ಕೆಳಗೆ ದಿಂಬುಗಳನ್ನಿಟ್ಟು, ತಲೆ ತಗ್ಗಿಗೆ ಬರುವ ಹಾಗೆ ಬೋರಲು ಮಲಗಿಸಬೇಕು. ಅಂಗೈ ಬೊಗಸೆ ಮಾಡಿ ಬೆನ್ನು ತಟ್ಟಬೇಕು, ಕಫ ಸಡಿಲವಾಗಿ ಬಾಯಿಗೆ ಬರುವ ತನಕ. ಬಂದದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಉಗುಳಿಸಿ ಬಣ್ಣ ನೋಡಬೇಕು. ಇದೆಲ್ಲ ಸೊಸೆಯ ಪಾಲಿಗೆ ಬಂದಿತ್ತು. ಕೋಣೆಯಿಂದ ಟಪ್ ಟಪ್ ಸದ್ದು ಕೇಳಿಸಿದ ಕೂಡಲೇ ಅಜ್ಜಿ ಅಡಿಗೆಮನೆ ಸೇರಿ, ಬಾಗಿಲು ಎಳೆದುಕೊಂಡು, ನಲ್ಲಿ ಜೋರಾಗಿ ಬಿಡುತ್ತಿದ್ದಳು. ಡಬ್ಬಿಯ ಒಳಗೆ ಏನಿರುತ್ತದೆಂದು ಅವಳು ಒಂದು ದಿನವೂ ನೋಡಿದವಳಲ್ಲ. ಮಗನೂ ಉಗುಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಮಗ ಸಿಗರೇಟು ಬಿಟ್ಟಿದ್ದಾನೆಂದು ಮನೆಯವರೆಲ್ಲ ನಂಬಿದ್ದರು. ಬಿಟ್ಟಿಲ್ಲವೆಂದು ಗೊತ್ತಿದ್ದದ್ದು ಅಜ್ಜಿಗೊಬ್ಬಳಿಗೆ, ಏಕೆಂದರೆ ತಂದುಕೊಡುತ್ತಿದ್ದವಳು ಅವಳೇ.

ಬಿಟ್ಟೆನೆಂದು ಹೇಳಿದ ವಾರದಲ್ಲೇ ಅವನು ಅವಳ ಕೈ ಹಿಡಿದುಕೊಂಡಿದ್ದ. "ಅಮ್ಮಾ, ಆಸ್ಪತ್ರೆಯೋರಿಗೆ ಇದೆಲ್ಲ ಗೊತ್ತಾಗಲ್ಲ. ಬೆಳಿಗ್ಗೆ ಒಂದು ಎಳೆದರೆ ಕಫ ಸಡಿಲ ಆಗುತ್ತೆ. ಇಲ್ಲಾಂದ್ರೆ ಅಂಟ್ಕೊಂಡು ಕೂತ್ಬಿಡುತ್ತೆ, ಪ್ರಾಣ ಹೋದ ಹಾಗಾಗುತ್ತೆ." ಅವನ ಕಣ್ಣಲ್ಲಿ ನೀರಿತ್ತು. ಅವಳ ಕರುಳು ಚುರುಕ್ ಎಂದಿತು. ತರಕಾರಿಗೆ ಹೋದಾಗ ಮೂಲೆ ಅಂಗಡಿಯಲ್ಲಿ ಒಂದು ಪ್ಯಾಕು ಕೊಂಡು, ಸೊಪ್ಪಿನ ಕಟ್ಟಿನ ಅಡಿಯಲ್ಲಿಟ್ಟು ತಂದಳು. ಬಟ್ಟೆ ಸೋಪಿನ ಪುಡಿಯ ಡಬ್ಬದಲ್ಲಿ ಹೂತಿಟ್ಟಳು.

"ಯಾರಿಗಮ್ಮಾ ಇದು?" ಅಂಗಡಿಯವನು ಕೇಳಿದ್ದ.

"ಮನೆಗೆ ನೆಂಟರು ಬಂದಿದ್ದಾರೆ."

ತಿಂಗಳಾದ ಮೇಲೂ ಅವಳು ಬಂದು ನಿಂತಾಗ ಅವನು ನಕ್ಕ. "ನಿಮ್ಮ ನೆಂಟರು ಹೊರಡೋ ಹಾಗೆ ಕಾಣ್ಸಲ್ಲ ಅಜ್ಜಿ."

ಹೋಟೆಲಿನಲ್ಲಿ ಕಲಿತ ವಿದ್ಯೆಯೆಲ್ಲ ಈಗ ಉಪಯೋಗಕ್ಕೆ ಬಂತು. ಮಗ ಬಚ್ಚಲುಮನೆ ಹೊಕ್ಕ ಕೂಡಲೇ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುವಳು. ಅವನು ಹೊರಗೆ ಬಂದ ಮೇಲೆ ಕಿಟಕಿ ತೆರೆದು, ಬಟ್ಟಲಲ್ಲಿ ವಿನಿಗರ್ ಇಟ್ಟು, ನೆಲಕ್ಕೆ ಫಿನಾಯಿಲ್ ಸುರಿದು ಉಜ್ಜುವಳು. ಸೇದಿ ಬಿಟ್ಟ ತುಂಡುಗಳು ಕಕ್ಕಸಿಗೆ ಹಾಕಿ ನೀರು ಸುರಿದರೂ ತೇಲಿಕೊಂಡೇ ಇರುತ್ತವೆಂದು ಅವಳಿಗೆ ಗೊತ್ತಿತ್ತು. ಮಗ ಅವನ್ನು ಕಾಗದದಲ್ಲಿ ಸುತ್ತಿ ಕೊಟ್ಟರೆ, ಇನ್ನೂ ಬೆಚ್ಚಗಿರುವ ಆ ಪೊಟ್ಟಣವನ್ನು ಉಗುರಿನ ತುದಿಯಲ್ಲಿ ಹಿಡಿದು ಮಾರುಕಟ್ಟೆಯ ಕಸದ ತೊಟ್ಟಿಗೆ ಎಸೆದು ಬರುವಳು. ಬಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುವಳು.

ಹೀಗೇ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಹಲ್ಲಿನ ಡಾಕ್ಟರ ಪರದೆಗಳು ವಾಪಸು ಬಂದವು.

ಹೊಸ ದವಾಖಾನೆಗೆಂದು ಸೊಸೆ ಹೊಲಿದುಕೊಟ್ಟ ಬಿಳಿ ಪರದೆಗಳವು. ತಂದುಹಾಕಿದವನು ಒಂದೇ ಮಾತು ಹೇಳಿ ಹೋದ: "ರೋಗಿಗಳು ಮೂಗು ಮುಚ್ಕೋತಾರಂತೆ." ಸೊಸೆ ಬಟ್ಟೆಯನ್ನು ಮುಖಕ್ಕೆ ಹಿಡಿದು ಉಸಿರೆಳೆದಳು. ಅವಳ ಮುಖ ಕಿವುಚಿಕೊಂಡಿತು. ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಆ ಪರದೆಯನ್ನು ಗಂಡನ ತೊಡೆಯ ಮೇಲೆ ಎಸೆದಳು.

"ಮೂಸಿ ನೋಡಿ."

"ಏನದು?"

"ಸಿಗರೇಟು. ನೀವು ಬಿಟ್ಟಿದ್ದೀರಲ್ಲ, ಅದೇ."

ಮಗ ತಟ್ಟೆಯಲ್ಲಿ ಬೆರಳಾಡಿಸುತ್ತ, "ನಾನು ಮುಟ್ಟಿಲ್ಲ. ಬೇಕಾದ್ರೆ ಅಮ್ಮನ್ನ ಕೇಳು," ಎಂದ.

ಸೊಸೆ ಅತ್ತೆಯ ಕಡೆ ತಿರುಗಿದಳು. ಅಜ್ಜಿ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಲೋಟ ತುಂಬಿ ಚೆಲ್ಲಿತು. "ಪಕ್ಕದ ಮನೆಯೋರು ಸೇದ್ತಾರಲ್ಲ, ಕಿಟಕಿಯಿಂದ ಬಂದಿರುತ್ತೆ," ಎಂದಳು. "ಅವನು ಮುಟ್ಟಿಲ್ಲ ಕಣೇ. ನಾನು ನೋಡ್ತಾನೇ ಇರ್ತೀನಲ್ಲ."

"ಅಜ್ಜಿ ಹೇಳಿದ್ಮೇಲೆ ಮುಗೀತು ಬಿಡಮ್ಮ," ಎಂದಳು ಮೊಮ್ಮಗಳು. "ಅಜ್ಜಿ ಮೂಗಿಂದ ಯಾವ ವಾಸನೆ ತಪ್ಪಿಸ್ಕೊಳ್ಳುತ್ತೆ?"

ಆ ಮಾತು ಅಜ್ಜಿಗೆ ಚುಚ್ಚಿತು. ಹೊಗೆ ಒಮ್ಮೆ ಬಟ್ಟೆಗೆ ಹತ್ತಿದರೆ ವಿನಿಗರಿಗೂ ಜಗ್ಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಆ ಮನೆಯಲ್ಲಿ ಇರಲಿಲ್ಲ.

ಸೊಸೆ ಅಷ್ಟೂ ಪರದೆಗಳನ್ನು ಒಗೆದು, ಹಿಂಡಿ, ಒಣಗಿಸಿ, ಮತ್ತೆ ಇಸ್ತ್ರಿ ಮಾಡಿದಳು. ವಾರ ಮುಗಿಯುವಷ್ಟರಲ್ಲಿ ಅವಳ ಬಲಗೈ ಮಣಿಕಟ್ಟು ಬಾತುಕೊಂಡಿತು. ಬೆಳಿಗ್ಗೆ ಬೆನ್ನು ತಟ್ಟುವುದು, ಹಗಲೆಲ್ಲ ಕತ್ತರಿ ಹಿಡಿಯುವುದು, ಸಂಜೆ ಮತ್ತೆ ತಟ್ಟುವುದು. ಒಂದು ಬೆಳಿಗ್ಗೆ ಅವಳು ಡಬ್ಬಿಯನ್ನು ತಂದು ಅಡಿಗೆಮನೆಯ ಬಾಗಿಲಲ್ಲಿ ಇಟ್ಟಳು.

"ಅತ್ತೆ, ಇನ್ಮೇಲೆ ನನ್ನ ಕೈಲಾಗಲ್ಲ. ಈ ಕೈ ಹೋದ್ರೆ ಮನೇಲಿ ಒಲೆ ಉರಿಯಲ್ಲ. ಇವತ್ತು ಆಸ್ಪತ್ರೆಗೆ ಹೋಗೋ ದಿನ. ನೀವೇ ಜೊತೆಗೆ ಹೋಗಿ, ತಟ್ಟೋದು ಕಲ್ತು ಬನ್ನಿ."

"ನಾನಾ? ಈ ವಯಸ್ಸಲ್ಲಿ?"

"ನಿಮ್ಮ ಮಗ ತಾನೇ?"

ಆಸ್ಪತ್ರೆಯಲ್ಲಿ ತಟ್ಟುವುದನ್ನು ಹೇಳಿಕೊಡುತ್ತಿದ್ದವಳು ಮೊಮ್ಮಗಳ ವಯಸ್ಸಿನ ಹುಡುಗಿ. ತೋಳು ಮಡಚಿ, ಮಗನನ್ನು ಮಂಚದ ಮೇಲೆ ಬೋರಲು ಮಲಗಿಸಿ, ಅಜ್ಜಿಯ ಅಂಗೈಯನ್ನು ಹಿಡಿದು ಬೊಗಸೆ ಮಾಡಿ ತೋರಿಸಿದಳು. "ಹೀಗೆ ಅಜ್ಜಿ. ಚಪ್ಪಟೆ ಕೈಲಿ ಹೊಡೀಬಾರ್ದು. ಸದ್ದು ಟೊಳ್ಳಾಗಿ ಬರ್ಬೇಕು. ಬೆನ್ನುಮೂಳೆ ಮೇಲೆ ಬೇಡ, ಪಕ್ಕೆಗೆ. ನೀರು ಎಷ್ಟು ಕುಡೀತಾರೆ?"

"ಕುಡೀತಾನೆ, ಕುಡೀತಾನೆ."

"ಹಾಗಿದ್ರೆ ಕಫ ಯಾಕಿಷ್ಟು ಗಟ್ಟಿ? ಇಷ್ಟು ದಿನದ ಆವಿ, ಔಷಧಿ, ತಟ್ಟೋದು... ಇಷ್ಟೊತ್ತಿಗೆ ಸ್ವಲ್ಪನಾದ್ರೂ ತೆಳ್ಳಗಾಗಬೇಕಿತ್ತು."

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಲ್ಲಮ್ಮಾ, ಸುಮ್ನೆ ಕೇಳ್ತೀನಿ. ಬೆಳಿಗ್ಗೆ ಒಂದು ಸಿಗರೇಟು ಎಳೆದ್ರೆ ಕಫ ಸಡಿಲ ಆಗುತ್ತಂತಲ್ಲ?"

ಹುಡುಗಿ ಕೈ ನಿಲ್ಲಿಸಿದಳು. "ಯಾರು ಹೇಳಿದ್ದು?"

"ಯಾರೋ ಹೇಳ್ತಿದ್ರು."

"ನೋಡಿ ಅಜ್ಜಿ, ನಮ್ಮ ಉಸಿರಿನ ಕೊಳವೆ ಇದೆಯಲ್ಲ, ಅದರ ಒಳಗೋಡೆ ಯಾವಾಗ್ಲೂ ಒದ್ದೆ ಇರ್ಬೇಕು. ತೆಳ್ಳಗೆ, ನೀರು ಸವರಿದ ಹಾಗೆ. ಅಲ್ಲಿ ಸಣ್ಣ ಸಣ್ಣ ರೋಮ ಇರುತ್ತೆ. ಅವು ಆ ನೀರಲ್ಲಿ ಆಡ್ತಾ ಆಡ್ತಾ ಕೊಳೇನ ಮೇಲಕ್ಕೆ ತಳ್ಳುತ್ವೆ. ನಾವು ಮಲಗಿದ್ರೂ ಆ ಕೆಲಸ ನಿಲ್ಲಲ್ಲ. ಹೊಗೆ ಹೋಯ್ತು ಅನ್ನಿ, ಗೋಡೆ ಒಳಗಿಂದ ನೀರು ಬಿಡೋದನ್ನೇ ಕಡಿಮೆ ಮಾಡುತ್ತೆ. ತೇವ ಆರುತ್ತೆ. ಕಫ ಗೋಂದಾಗುತ್ತೆ. ರೋಮ ಅದರಡಿ ಸಿಕ್ಕಿ ಚಪ್ಪಟೆಯಾಗುತ್ವೆ. ಇನ್ನು ಸಡಿಲ ಎಲ್ಲಿಂದ ಆಗ್ಬೇಕು?"

"ಮತ್ತೆ ಎಳೆದ ಕೂಡ್ಲೆ ಕೆಮ್ಮಿ ಬರುತ್ತಲ್ಲ?"

"ಕೆಮ್ಮಿಸುತ್ತೆ, ಅಷ್ಟೇ. ಒಂದು ಉಂಡೆ ಆಚೆ ಹಾಕಿ, ಎರಡು ಉಂಡೆ ಒಳಗೆ ಕಟ್ಟುತ್ತೆ." ಹುಡುಗಿ ಮಗನ ಕಡೆ ಬಗ್ಗಿದಳು. "ಏನ್ಸಾರ್, ಸೇದ್ತಿದ್ದೀರಾ?"

ಮಗ ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ, "ಇಲ್ಲ," ಎಂದ. ಅಜ್ಜಿ ಅವನ ಕಿವಿಯನ್ನೇ ನೋಡಿದಳು. ಸುಳ್ಳು ಹೇಳುವಾಗ ಆ ಕಿವಿ ಹುಡುಗುತನದಲ್ಲೂ ಹೀಗೇ ಕೆಂಪಾಗುತ್ತಿತ್ತು.

ಮನೆಗೆ ಬರುವ ದಾರಿಯಲ್ಲಿ ಮೂಲೆ ಅಂಗಡಿ ಕಂಡ ಕೂಡಲೇ ಅವನು ನಿಂತ. "ಅಮ್ಮಾ, ಪ್ಯಾಕು ಮುಗೀತು."

"ಅವಳು ಅಷ್ಟೆಲ್ಲ ಹೇಳಿದಳಲ್ಲೋ!"

"ಅವಳೇನು, ನಿನ್ನೆ ಮೊನ್ನೆ ಹುಟ್ಟಿದೋಳು. ನನ್ನೆದೆ ನಂಗೊತ್ತಿಲ್ವಾ? ಇದೊಂದೇ ಸಲ ಅಮ್ಮಾ."

ಅವನು ಕಂಬ ಹಿಡಿದು ಏದುಸಿರು ಬಿಡುತ್ತಿದ್ದ. ಅಂಗಡಿಯವನು ಬೇರೆ ಇವರನ್ನೇ ನೋಡುತ್ತಿದ್ದ. ಅಜ್ಜಿ ತನ್ನ ಮೇಲೆ ತಾನೇ ಸಿಡಿಮಿಡಿಗೊಳ್ಳುತ್ತ ಪ್ಯಾಕು ಕೊಂಡಳು.

ಮರುದಿನ ಬೆಳಿಗ್ಗೆ ಮೊದಲ ಸಲ ತಾನೇ ತಟ್ಟಲು ಕೂತಳು. ಮಗ ಆಗಲೇ ಬಚ್ಚಲುಮನೆಗೆ ಹೋಗಿಬಂದಿದ್ದ. ಗೆಣ್ಣು ನೋಯುವ ಕೈಗಳಿಂದ ತಟ್ಟಿ ತಟ್ಟಿ ಭುಜ ಸೋತಿತು. ಬೆನ್ನಿನ ಒಳಗೆ ಏನೋ ಕೊತಕೊತ ಎನ್ನುತ್ತಿತ್ತು, ಬರುತ್ತಿರಲಿಲ್ಲ. ಕೊನೆಗೆ ಅವನು ಎದ್ದು ಕೂತು, ಕುತ್ತಿಗೆಯ ನರ ಉಬ್ಬಿಸಿ, ಕಣ್ಣು ಮುಚ್ಚಿ ಕ್ಯಾಕರಿಸಿದ. ಬಂದದ್ದು ಉಗುಳಿದರೆ ಬೀಳಲಿಲ್ಲ. ತುಟಿಯಿಂದ ಡಬ್ಬಿಯವರೆಗೆ ದಾರದ ಹಾಗೆ ಜೋತಿತು. ಎಳೆದಷ್ಟೂ ಉದ್ದವಾಯಿತು.

"ತೆಗಿ, ತೆಗಿಯಮ್ಮಾ," ಎಂದು ಅವನು ಕೈ ಬೀಸಿದ.

ಅಜ್ಜಿ ಕಾಗದದ ಚೂರಿನಿಂದ ಹಿಡಿದು ಎಳೆದಳು. ಕಾಗದ ಒದ್ದೆಯಾಗಿ ಹರಿದು, ಅದು ಅವಳ ಬೆರಳಿಗೇ ಸುತ್ತಿಕೊಂಡಿತು. ಬೆಚ್ಚಗಿತ್ತು. ಹಸಿರು, ಬೂದಿ, ನಡುನಡುವೆ ಮಸಿಯಂಥ ಚುಕ್ಕೆ. ಬಚ್ಚಲಿಗೆ ಒಯ್ದು ಡಬ್ಬಿ ಬಗ್ಗಿಸಿದರೆ ತಳಕ್ಕೆ ಕಚ್ಚಿಕೊಂಡಿತ್ತು. ಬಿಸಿನೀರು ಸುರಿದಳು, ಅಲುಗಲಿಲ್ಲ. ಬ್ರಶ್ ಹಾಕಿದಳು. ಅದು ಬಸವನ ಹುಳುವಿನ ಹಾಗೆ ಇಡಿಯಾಗಿ ಜಾರಿ, ಬ್ರಶ್ಶಿನ ಎಳೆಗಳ ಮಧ್ಯೆ ಹೊಕ್ಕು ಕೂತಿತು. ಹಳಸಿದ ಮಾಂಸಕ್ಕೆ ತಂಪಾದ ಬೂದಿ ಕಲಸಿದಂಥ ನಾತ ಮೂಗಿಗೆ ಅಡರಿತು. ಅಜ್ಜಿ ಗೋಡೆ ಹಿಡಿದುಕೊಂಡು ಬೆಳಗಿನ ಚಹಾವನ್ನೆಲ್ಲ ಕಾರಿದಳು.

ಬಾಯಿ ಮುಕ್ಕಳಿಸಿ ಎದ್ದು ನಿಂತವಳ ಕಣ್ಣು ಸೋಪಿನ ಪುಡಿಯ ಡಬ್ಬದ ಮೇಲೆ ಬಿತ್ತು. ಕೈ ಹಾಕಿ ಪ್ಯಾಕು ತೆಗೆದಳು. ಪುಡಿ ಉದುರಿಸುತ್ತ ನಡುಮನೆಗೆ ಹೋಗಿ ಸೊಸೆಯ ಮೇಜಿನ ಮೇಲೆ, ಕತ್ತರಿಸಿದ ಬಟ್ಟೆಯ ಮೇಲೆಯೇ ಇಟ್ಟಳು.

"ನಾನೇ ತಂದುಕೊಡ್ತಿದ್ದೆ," ಎಂದಳು.

ಸೊಸೆ ಕತ್ತರಿ ಕೆಳಗಿಟ್ಟಳು. "ಯಾವಾಗಿಂದ?"

"ಮೊದಲಿಂದ."

"ಅಂದ್ರೆ ಈ ಕಡೆ ನನ್ನ ಕೈಲಿ ತಟ್ಟಿಸ್ತಾ, ಆ ಕಡೆ ನೀವು ತುಂಬಿಸ್ತಾ ಇದ್ರಿ."

"ಸಡಿಲ ಆಗುತ್ತೆ ಅಂದ ಕಣೇ... ನಾನು ನಂಬಿದೆ."

"ನಂಬಿದ್ರೆ ನಂಗೆ ಹೇಳ್ತಿದ್ರಿ. ಕದ್ದು ತರ್ತಿರಲಿಲ್ಲ." ಸೊಸೆಯ ದನಿ ಏರಲಿಲ್ಲ. "ದಿನಾ ಆ ಡಬ್ಬಿ ತೊಳೀವಾಗ ಇದಕ್ಕಿಂತ ಅಸಹ್ಯ ಇನ್ನೊಂದಿಲ್ಲ ಅಂದ್ಕೋತಿದ್ದೆ. ಇದೆ ಅತ್ತೆ. ಇದೆ."

ಕೆಲಸಕ್ಕೆ ಹೊರಟಿದ್ದ ಮೊಮ್ಮಗಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. "ಅಜ್ಜೀ, ನೀನೂನಾ?" ಎಂದಳು, ಅಷ್ಟೇ. ಅಜ್ಜಿ ಅವಳ ಭುಜ ಮುಟ್ಟಲು ಕೈ ಚಾಚಿದಳು. ಹುಡುಗಿ ಆ ಕೈಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

ಅಂದೇ ಸೊಸೆ ತನ್ನ ಯಂತ್ರ, ಮೇಜು, ಬಟ್ಟೆಯ ಸುರುಳಿಗಳನ್ನೆಲ್ಲ ಮಹಡಿಯ ಮೇಲಿನ ಖಾಲಿ ಕೋಣೆಗೆ ಸಾಗಿಸಿದಳು. ತಾಯಿ ಮಗಳು ಅಲ್ಲೇ ಉಂಡು ಅಲ್ಲೇ ಮಲಗತೊಡಗಿದರು. ರಾತ್ರಿಯೂಟಕ್ಕೆ ಒಮ್ಮೊಮ್ಮೆ ಕೆಳಗೆ ಬಂದರೂ ಬೇಕಾದಷ್ಟೇ ಮಾತು. ಡಬ್ಬಿ ಅಜ್ಜಿಯ ಪಾಲಿಗೆ ಬಂತು. ಮೂರ್ನಾಲ್ಕು ದಿನವಾದ ಮೇಲೆ ಬಚ್ಚಲಿನ ಗೂಟಕ್ಕೆ ಒಂದು ಜೊತೆ ರಬ್ಬರ್ ಕೈಗವಸು ನೇತುಬಿದ್ದಿತ್ತು. ಯಾರು ತಂದದ್ದೆಂದು ಯಾರೂ ಹೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ.

ಸಿಗರೇಟು ನಿಂತ ಮಗ ಮೈಮೇಲೆ ಬಿಸಿನೀರು ಬಿದ್ದವನ ಹಾಗಾದ. ಗಂಜಿ ಇಟ್ಟರೆ ಉಪ್ಪಿಲ್ಲ ಎಂದು ತಟ್ಟೆ ದೂಡುವನು, ಮೊಟ್ಟೆ ಬೇಯಿಸಿದರೆ ಗಟ್ಟಿಯಾಯಿತೆಂದು ಮುಖ ತಿರುಗಿಸುವನು. "ಹೆತ್ತೋಳೇ ಕೈ ಬಿಟ್ಟ ಮೇಲೆ ಇನ್ಯಾರಿದ್ದಾರೆ?" ಎಂದು ಗೋಡೆಗೆ ಹೇಳಿಕೊಳ್ಳುವನು. ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಕೆಲವು ದಿನ ಹೋದವು. ಆಮೇಲೆ ಅವನು ತಾನಾಗಿಯೇ ಸುಮ್ಮನಾದ. ಸಂಜೆ ಹೊತ್ತು ಗಾಳಿಗೆ ಎಂದು ನಿಧಾನವಾಗಿ ನಡೆದು ಬಸ್ ನಿಲ್ದಾಣದ ತನಕ ಹೋಗಿಬರತೊಡಗಿದ. ಗುಣವಾಗುತ್ತಿದ್ದಾನೆಂದು ಅಜ್ಜಿ ಅಂದುಕೊಂಡಳು.

ಅಂಥದೊಂದು ಸಂಜೆ ಮೊಮ್ಮಗಳು ದಡಬಡ ಬಾಗಿಲು ತಳ್ಳಿಕೊಂಡು ಬಂದಳು. ಮಹಡಿಗೆ ಹೋಗದೆ ನೇರವಾಗಿ ಅಪ್ಪನ ಎದುರು ನಿಂತಳು. ಅವನು ಊಟಕ್ಕೆ ಕೂತಿದ್ದ. ಅವಳ ಸದ್ದು ಕೇಳಿ ಸೊಸೆಯೂ ಇಳಿದುಬಂದಳು.

"ಅಪ್ಪ, ಬಸ್ ಸ್ಟಾಪಲ್ಲಿ ಏನ್ ಮಾಡ್ತಿದ್ರಿ?"

"ಗಾಳಿಗೆ ಹೋಗಿದ್ದೆ."

"ಬೆಂಚಿನ ಕೆಳಗಿಂದ ತುಂಡು ಹೆಕ್ತಿದ್ರಿ. ಯಾರೋ ಸೇದಿ, ಎಸೆದು, ತುಳಿದು ಹೋಗಿದ್ದು. ಅದನ್ನ ನೀವು ಅಂಗಿಗೆ ಒರೆಸಿ ಬಾಯಿಗಿಟ್ರಿ. ನಮ್ಮಂಗಡಿಯೋರೆಲ್ಲ ಗಾಜಿನಾಚೆಯಿಂದ ನೋಡ್ತಿದ್ರು. ಆ ಮುದುಕನ್ನ ನೋಡು ಅಂತ ಒಬ್ಬ ನಂಗೇ ತೋರಿಸಿದ." ಅವಳಿಗೆ ಅಳು ಬಂತು. "ನಮ್ಮಪ್ಪ ಅಂತ ಹೇಳೋಕೆ ನಾಚಿಕೆ ಆಯ್ತು. ನಾನು ಹೇಳಲಿಲ್ಲ."

"ನಾನಲ್ಲ ಅದು. ಯಾರನ್ನೋ ನೋಡಿದ್ದೀಯ," ಎಂದ ಮಗ. ಕಿವಿ ಕೆಂಪಗಾಗಿತ್ತು.

ಅಜ್ಜಿ ಎದ್ದು ಹೋದಳು. ಸಂಜೆಯ ತಟ್ಟುವಿಕೆ ಆಗಷ್ಟೇ ಮುಗಿದು ಡಬ್ಬಿ ಇನ್ನೂ ತೊಳೆಯದೆ ಉಳಿದಿತ್ತು. ಅದನ್ನು ತಂದಳು. ಒಬ್ಬರ ಲೋಟಕ್ಕೆ ಇನ್ನೊಬ್ಬರ ಬಾಯಿ ತಗಲಗೊಡದ ಹೆಂಗಸು ಅದನ್ನು ಮಗನ ತಟ್ಟೆಯ ಪಕ್ಕದಲ್ಲಿ ಇಟ್ಟು ಮುಚ್ಚಳ ತೆಗೆದಳು.

"ನೋಡು."

ಅವನು ಕಣ್ಣು ಮುಚ್ಚಿಕೊಂಡ. "ಥೂ! ಊಟದ ಮುಂದೆ ಇದೇನಮ್ಮಾ, ಅಸಹ್ಯ!"

"ಅಸಹ್ಯನಾ? ಬೀದಿಯೋರ ಎಂಜಲು ಬಾಯಿಗಿಟ್ಕೊಳ್ಳುವಾಗ ಆಗ್ಲಿಲ್ಲ, ನಿನ್ನದೇ ನಿನಗೆ ಅಸಹ್ಯ ಆಯ್ತಾ? ಕಣ್ಣು ಬಿಡೋ! ನಿನ್ನ ಹೆಂಡ್ತಿ ಇದನ್ನ ದಿನಾ ತೊಳೆದಳು. ನಾನು ತೊಳೀತಿದ್ದೀನಿ. ನೀನು ಒಂದು ದಿನ ನೋಡಿದ್ದೀಯಾ?"

ಅವನು ಕಣ್ಣು ಬಿಟ್ಟ. ಡಬ್ಬಿಯೊಳಗೆ ನೋಡಿದ. ಕೆನ್ನೆ ಉಬ್ಬಿತು, ಬಾಯಿಗೆ ಕೈ ಅಡ್ಡ ಹಿಡಿದು ಎದ್ದ.

"ತಗೊಂಡು ಹೋಗು," ಎಂದಳು ಅಜ್ಜಿ. "ನಿನ್ನದು ನೀನೇ ತೊಳಿ. ಕೈಗವಸು ಗೂಟದಲ್ಲಿದೆ."

ಬಚ್ಚಲಿಂದ ಓಕರಿಕೆಯ ಸದ್ದು, ನೀರಿನ ಸದ್ದು, ಮತ್ತೆ ಓಕರಿಕೆಯ ಸದ್ದು ಕೇಳುತ್ತಿತ್ತು. ಹೊರಗೆ ಮೂವರು ಹೆಂಗಸರು ನಿಂತಲ್ಲೇ ನಿಂತಿದ್ದರು. ಯಾರೂ ಸಹಾಯಕ್ಕೆ ಹೋಗಲಿಲ್ಲ.

ಮರುದಿನ ಅಜ್ಜಿ ದಿಂಬು ಜೋಡಿಸುವ ಮೊದಲು ಮಗನ ಎದುರು ಕೂತಳು. "ಬಾಯಿ ಬಿಡು. ಉಸಿರು ಬಿಡು. ಹೊಗೆ ನಾತ ಬಂದ್ರೆ ನಾನು ತಟ್ಟಲ್ಲ."

ನಾತ ಬಂತು. ಅಜ್ಜಿ ದಿಂಬುಗಳನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಅವನು ಒಬ್ಬನೇ ಕೆಮ್ಮಿದ. ಕಿತ್ತುಬಾರದ ಕೆಮ್ಮು, ಮಹಡಿಯವರೆಗೂ ಕೇಳುವಂಥದು. ಅಜ್ಜಿ ಅಡಿಗೆಮನೆಯಲ್ಲಿ ನಲ್ಲಿ ಬಿಡದೆ, ಕಟ್ಟೆಯ ಅಂಚನ್ನು ಹಿಡಿದು ಅದನ್ನೆಲ್ಲ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಸೊಸೆ ಕೆಳಗೆ ಬಂದಳು.

"ಕಫ ಬರ್ತಿಲ್ವಾ?"

"ಇಲ್ಲ. ಹೋಗ್ಲಾ?"

ಸೊಸೆ ಒಲೆಯ ಮೇಲೆ ನೀರಿಟ್ಟಳು. "ಆವಿ ಕೊಡೋಣ. ತಟ್ಟೋದು ಬೇಡ." ಬಹಳ ದಿನದ ಮೇಲೆ ಅವಳು ಅತ್ತೆಯ ಪಕ್ಕ ಹಾಗೆ ನಿಂತಿದ್ದು. ನೀರು ಕುದಿಯುವ ತನಕ ಇಬ್ಬರೂ ಆ ಕೆಮ್ಮನ್ನು ಕೇಳಿದರು.

ಆಮೇಲಿನ ದಿನಗಳೂ ಸಲೀಸಾಗಿರಲಿಲ್ಲ. ಒಂದು ದಿನ ನಾತ ಇರುತ್ತಿರಲಿಲ್ಲ, ಮರುದಿನ ಇರುತ್ತಿತ್ತು. ಅವನು ಏಲಕ್ಕಿ ಜಗಿದು ಬರುತ್ತಿದ್ದ, ಅಜ್ಜಿ ಏಲಕ್ಕಿಯ ಹಿಂದಿನದನ್ನೂ ಮೂಸಿ ಹಿಡಿಯುತ್ತಿದ್ದಳು. ಸಂಜೆ ಬಸ್ ನಿಲ್ದಾಣಕ್ಕೆ ಹೋಗುವುದು ನಿಂತಿತು. ಡಬ್ಬಿಯನ್ನು ತೊಳೆಯುವುದು ಅವನದೇ ಕೆಲಸವಾಯಿತು. ಪ್ರತಿ ಸಲವೂ ಮುಖ ಹುಳ್ಳಗೆ ಮಾಡಿಕೊಂಡೇ ತೊಳೆಯುತ್ತಿದ್ದ. ಆಸ್ಪತ್ರೆಯ ಹುಡುಗಿ ಮುಂದಿನ ಸಲ ನೋಡಿ, "ಹಾಳಾದದ್ದು ಹಾಳಾಯ್ತು, ಅದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು," ಎಂದಳು. ಮತ್ತೆ ಬಸ್ಸು ಓಡಿಸುವ ಮಾತನ್ನು ಅವನು ಎತ್ತಲಿಲ್ಲ. ಸೊಸೆಯ ಯಂತ್ರವೂ ಮಹಡಿಯಿಂದ ಇಳಿಯಲಿಲ್ಲ.

ಒಂದು ಬೆಳಿಗ್ಗೆ ಅಜ್ಜಿ ಎಂದಿನಂತೆ ಎದುರು ಕೂತಳು. ಇತ್ತೀಚೆಗೆ ಕೆಳಗೆ ಬಂದು ತಿಂಡಿ ತಿನ್ನತೊಡಗಿದ್ದ ಮೊಮ್ಮಗಳು ಬಾಗಿಲಾಚೆ ಬ್ರೆಡ್ಡು ಕಚ್ಚುತ್ತ ನೋಡುತ್ತಿದ್ದಳು.

"ಬಾಯಿ ಬಿಡು."

ಮಗ ಬಿಟ್ಟ. ಕಂದು ಹಲ್ಲು, ಬೂಷ್ಟು ಕಟ್ಟಿದಂಥ ನಾಲಿಗೆ. ಅಜ್ಜಿ ಮೂಗನ್ನು ಹತ್ತಿರ ಒಯ್ದಳು. ರಾತ್ರಿಯೆಲ್ಲ ಮುಚ್ಚಿಟ್ಟ ಬಾಯಿಯ ಹುಳಿ, ಕಫ, ಕಾಯಿಲೆ, ಎಲ್ಲದರ ನಾತ ಗಪ್ಪೆಂದು ಹೊಡೆಯಿತು. ಅವಳು ಹಿಂದೆ ಸರಿಯದೆ ಇನ್ನೊಮ್ಮೆ ಎಳೆದುಕೊಂಡಳು. ಹೊಗೆ ಇರಲಿಲ್ಲ. ನಿನ್ನೆಯೂ ಇರಲಿಲ್ಲ, ಮೊನ್ನೆಯೂ ಇರಲಿಲ್ಲ.

"ಥೂ!" ಎಂದಳು ಅಜ್ಜಿ ಮುಖ ಸಿಂಡರಿಸಿ. "ಏನು ಬಾಯೋ ಅದು! ಹೋಗು, ಹಲ್ಲುಜ್ಜಿ ಬಾ ಮೊದಲು."

ಅವನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದ. ಅಜ್ಜಿ ದಿಂಬುಗಳನ್ನು ಒಂದರ ಮೇಲೊಂದು ಜೋಡಿಸಿ, ತೋಳು ಮಡಚಿ, ನೋಯುವ ಅಂಗೈಗಳನ್ನು ಬೊಗಸೆ ಮಾಡಿಕೊಂಡು ಕಾದಳು.